ಎಚ್‌ಡಿಎಂಐ ಕೇಬಲ್: ಪೊಟ್ಟಣದ ಮೇಲಿನ ಮಾತು ಸರಕಿನಲ್ಲಿಯೂ ಇರಲಿ

ಗೃಹೋಪಯೋಗಿ ಎಲೆಕ್ಟ್ರಾನಿಕ್ ಸರಕುಗಳ ವ್ಯಾಪಾರದಲ್ಲಿ ಟಿ.ವಿ.ಯ ಸ್ಥಾನ ಬಹು ದೊಡ್ಡದು. ಅದಕ್ಕೆ ಜೋಡಿಸುವ ಕೇಬಲಿನ ಸ್ಥಾನ ಬಹು ಚಿಕ್ಕದು. ಅರ್ಧ ಲಕ್ಷ ರೂಪಾಯಿಯ ಟಿ.ವಿ. ಮಾರಾಟವಾದ ಬಿಲ್ಲಿನ ಕೊನೆಯ ಸಾಲಿನಲ್ಲಿ ಕೆಲವು ನೂರು ರೂಪಾಯಿಯ ಕೇಬಲ್ ಸೇರಿರುತ್ತದೆ. ಎಷ್ಟೋ ಬಾರಿ ಅದು ಬಿಲ್ಲಿಗೂ ಸೇರದೆ ಉಚಿತವಾಗಿ ಹೋಗುತ್ತದೆ. ಆದರೆ ಮಾರಾಟದ ನಂತರ ಗ್ರಾಹಕನು ಅಂಗಡಿಗೆ ಮರಳಿ ಬರುವ ಸಂದರ್ಭಗಳನ್ನು ಗಮನಿಸಿದರೆ, ಈ ಚಿಕ್ಕ ಸರಕಿನಿಂದ ಹುಟ್ಟುವ ತಕರಾರು ಅದರ ಬೆಲೆಯಷ್ಟು ಚಿಕ್ಕದಲ್ಲ. ಚಿತ್ರ ಮಧ್ಯೆ ಮಧ್ಯೆ ಕಪ್ಪಾಗುವುದು, ಪರದೆಯ ಮೇಲೆ ಕಿಡಿಗಳಂತೆ ಚುಕ್ಕೆಗಳು ಕಾಣಿಸುವುದು, "ಸಿಗ್ನಲ್ ಇಲ್ಲ" ಎಂಬ ಬರಹ ಮೂಡುವುದು ಮುಂತಾದ ದೂರುಗಳು ಬಂದಾಗ ಗ್ರಾಹಕನು ದೂಷಿಸುವುದು ಟಿ.ವಿ.ಯನ್ನು ಅಥವಾ ಅದನ್ನು ಮಾರಿದ ವರ್ತಕನನ್ನು. ಕಾರಣ ಮಾತ್ರ ಅನೇಕ ವೇಳೆ ಆ ಎರಡು ಮೀಟರ್ ಉದ್ದದ ತಂತಿಯಲ್ಲಿ ಅಡಗಿರುತ್ತದೆ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಎರಡು ಕಾರಣಗಳಿವೆ. ಮೊದಲನೆಯದಾಗಿ, 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡ 28ರಿಂದ ಶೇಕಡ 18ಕ್ಕೆ ಇಳಿಯಿತು. ದೊಡ್ಡ ಪರದೆಯ ಟಿ.ವಿ.ಗಳಲ್ಲಿ 4ಕೆ ಎಂಬ ಸೂಕ್ಷ್ಮ ಚಿತ್ರ ವ್ಯವಸ್ಥೆ ಸಾಮಾನ್ಯವಾಗಿದ್ದು, ಅದಕ್ಕೆ ಹಳೆಯ ಕೇಬಲುಗಳೆಲ್ಲವೂ ಸಾಲುವುದಿಲ್ಲ. ಎರಡನೆಯದಾಗಿ, 2025ರ ಜೂನ್ ತಿಂಗಳಲ್ಲಿ ಎಚ್‌ಡಿಎಂಐ ಮಾನದಂಡದ 2.2ನೆಯ ಆವೃತ್ತಿ ಹೊರಬಂದಿದೆ. ಹಿಂದೆ 1.4, 2.0, 2.1 ಎಂಬ ಅಂಕಿಗಳನ್ನು ಹೊತ್ತ ಪೊಟ್ಟಣಗಳು ಹೇಗೆ ಮಾರುಕಟ್ಟೆಗೆ ಬಂದವೋ ಹಾಗೆಯೇ "2.2" ಎಂದು ಮುದ್ರಿತವಾದ ಪೊಟ್ಟಣಗಳೂ ಬರುವುದನ್ನು ನಿರೀಕ್ಷಿಸಬಹುದು. ಕೇಬಲಿನ ಮೇಲೆ ಇಂತಹ ಅಂಕಿಯನ್ನು ಮುದ್ರಿಸುವುದಕ್ಕೆ ಮಾನದಂಡದ ಪರವಾನಗಿ ಸಂಸ್ಥೆಯ ಸಮ್ಮತಿಯೇ ಇಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಕೇಬಲನ್ನು ಅದಕ್ಕೆ ನಿಗದಿಯಾದ ವರ್ಗದ ಹೆಸರು, ಸಾಮರ್ಥ್ಯ ಮತ್ತು ಉದ್ದ ಈ ಮೂರನ್ನು ಹೇಳಿ ಮಾರಬೇಕು, ತಯಾರಿಸುವವರು ಈ ಮೂರನ್ನು ಮಾತ್ರ ಮುದ್ರಿಸಬೇಕು ಎಂಬುದು ಈ ಲೇಖನದ ವಾದ. ಇದು ಕೇವಲ ನೀತಿಯ ಮಾತಲ್ಲ, ನಮ್ಮ ಅಂಗಡಿಗಳ ಉಳಿವಿನ ಲೆಕ್ಕಾಚಾರವೂ ಹೌದು.

ನೋಡಿ ಅಳೆಯಲಾಗದ ಸರಕು

ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಉಚಿತ. ವಿಡಿಯೋ ಕ್ಯಾಸೆಟ್ ಪ್ಲೇಯರ್, ಅದರ ನಂತರದ ವಿ.ಸಿ.ಡಿ. ಮತ್ತು ಡಿ.ವಿ.ಡಿ. ಪ್ಲೇಯರುಗಳನ್ನು ಟಿ.ವಿ.ಗೆ ಜೋಡಿಸುತ್ತಿದ್ದುದು ಹಳದಿ, ಕೆಂಪು, ಬಿಳಿ ಬಣ್ಣದ ಪಿನ್ನುಗಳ ಕೇಬಲಿನಿಂದ. ಹಳದಿ ಪಿನ್ನು ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಆ ತಂತಿಯಲ್ಲಿ ಹರಿಯುತ್ತಿದ್ದುದು ಅನಲಾಗ್ ಸಂಕೇತ. ತಂತಿ ಕಳಪೆಯಾದಷ್ಟೂ ಚಿತ್ರ ಮಸುಕಾಗುತ್ತಿತ್ತು, ನೆರಳು ಬೀಳುತ್ತಿತ್ತು, ಧ್ವನಿಯಲ್ಲಿ ಗುಂಯ್‌ಗುಡುವ ಸದ್ದು ಸೇರುತ್ತಿತ್ತು. ಒಳ್ಳೆಯ ತಂತಿ ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ಅಂಗಡಿಯಲ್ಲಿಯೇ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ತೀರ್ಮಾನಿಸಬಹುದಾಗಿತ್ತು. ಬೆಲೆ ಹೆಚ್ಚಾದಂತೆ ಚಿತ್ರ ಉತ್ತಮ ಎಂಬ ಮಾತಿಗೂ ಆಗ ಒಂದಿಷ್ಟು ಆಧಾರವಿತ್ತು.

2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಮಾನದಂಡದ ಮೊದಲ ಆವೃತ್ತಿ ಪ್ರಕಟವಾಯಿತು. ಹಿಟಾಚಿ, ಮತ್ಸುಶಿತ (ಇಂದಿನ ಪ್ಯಾನಸೋನಿಕ್), ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್ ಮತ್ತು ತೋಷಿಬಾ ಎಂಬ ಏಳು ಕಂಪನಿಗಳು ಸೇರಿ ಇದನ್ನು ರೂಪಿಸಿದ್ದವು. 1999ರಲ್ಲಿ ಬಂದಿದ್ದ ಡಿವಿಐ ಎಂಬ ಜೋಡಣೆ ಮೂಲತಃ ಗಣಕಯಂತ್ರಗಳ ಚಿತ್ರಕ್ಕಾಗಿ ಇದ್ದದ್ದು; ಎಚ್‌ಡಿಎಂಐ ಚಿತ್ರ ಮತ್ತು ಧ್ವನಿ ಎರಡನ್ನೂ 19 ಪಿನ್ನುಗಳ ಒಂದೇ ಕೇಬಲಿನಲ್ಲಿ ಸಾಗಿಸತೊಡಗಿತು. ನಮ್ಮ ರಾಜ್ಯದಲ್ಲಿ ಕೇಬಲ್ ಟಿ.ವಿ.ಯ ಡಿಜಿಟಲೀಕರಣಕ್ಕೆ ಬೆಂಗಳೂರು ಮತ್ತು ಮೈಸೂರು ನಗರಗಳು ಒಳಪಟ್ಟಿದ್ದು ಎರಡನೆಯ ಹಂತದಲ್ಲಿ, ಅದರ ಗಡುವು 2013ರ ಮಾರ್ಚ್ 31. ಅಲ್ಲಿಂದೀಚೆಗೆ ಸೆಟ್‌ಟಾಪ್ ಬಾಕ್ಸ್ ಮನೆಮನೆಯ ವಸ್ತುವಾಯಿತು. ಹೈ ಡೆಫಿನಿಷನ್ ಪೆಟ್ಟಿಗೆಗಳೊಂದಿಗೆ ಈ ಕೇಬಲೂ ಮನೆ ಸೇರಿತು.

ಡಿಜಿಟಲ್ ಸಂಕೇತದ ಸ್ವಭಾವವೇ ಬೇರೆ. ಇಲ್ಲಿ ಚಿತ್ರವು ಸೊನ್ನೆ ಮತ್ತು ಒಂದು ಎಂಬ ಅಂಕಿಗಳ ಸಾಲಾಗಿ ಸಾಗುತ್ತದೆ. ಯಾವುದು ಸೊನ್ನೆ, ಯಾವುದು ಒಂದು ಎಂದು ಟಿ.ವಿ.ಯು ಗುರುತಿಸಬಲ್ಲ ತನಕ ಚಿತ್ರಕ್ಕೆ ಯಾವ ಕುಂದೂ ಇಲ್ಲ. ಗುರುತಿಸಲಾರದ ಹಂತ ಬಂದೊಡನೆ ಚುಕ್ಕೆಗಳು ಕಾಣಿಸುತ್ತವೆ, ಚಿತ್ರ ಕಡಿದುಹೋಗುತ್ತದೆ, ಕೊನೆಗೆ ಪರದೆಯೇ ಕಪ್ಪಾಗುತ್ತದೆ. ಮಧ್ಯಮ ಸ್ಥಿತಿ ಬಹುಮಟ್ಟಿಗೆ ಇಲ್ಲ. ಆದ್ದರಿಂದ 200 ರೂಪಾಯಿಯ ಕೇಬಲೂ 2000 ರೂಪಾಯಿಯ ಕೇಬಲೂ ಅಗತ್ಯವಾದ ಸಾಮರ್ಥ್ಯವನ್ನು ಹೊಂದಿದ್ದಲ್ಲಿ ಪರದೆಯ ಮೇಲಿನ ಚಿತ್ರ ಒಂದೇ. "ಈ ಕೇಬಲ್ ಹಾಕಿದರೆ ಬಣ್ಣ ಇನ್ನೂ ಗಾಢವಾಗಿ ಬರುತ್ತದೆ" ಎಂಬ ಮಾರಾಟದ ಮಾತಿಗೆ ತಾಂತ್ರಿಕ ಆಧಾರವಿಲ್ಲ.

ಇದರಿಂದ ವರ್ತಕರಿಗೆ ಒಂದು ತೊಡಕು ಉಂಟಾಗುತ್ತದೆ. ಅಂಗಡಿಯಲ್ಲಿ ಸಾಮಾನ್ಯ ಹೈ ಡೆಫಿನಿಷನ್ ಪೆಟ್ಟಿಗೆಯಿಂದ ಪರೀಕ್ಷಿಸಿ ತೋರಿಸಿದ ಕೇಬಲ್ ಗ್ರಾಹಕನ ಮನೆಯಲ್ಲಿ 4ಕೆ ಉಪಕರಣಕ್ಕೆ ಜೋಡಿಸಿದಾಗ ಸೋಲಬಹುದು. ಕಣ್ಣಿನ ಪರೀಕ್ಷೆ ಇಲ್ಲಿ ಸಾಲದು. ಗ್ರಾಹಕನೂ ಅಳೆಯಲಾರ, ವರ್ತಕನೂ ಅಳೆಯಲಾರ. ಇಬ್ಬರೂ ನಂಬಬೇಕಾದದ್ದು ಪೊಟ್ಟಣದ ಮೇಲಿನ ಬರಹವನ್ನು. ಆ ಬರಹವೇ ಸುಳ್ಳಾದರೆ ಈ ವ್ಯಾಪಾರಕ್ಕೆ ಉಳಿಯುವ ಅಳತೆಗೋಲು ಯಾವುದು?

ಸಾಮರ್ಥ್ಯದ ಲೆಕ್ಕ

ಅಂಕಿಗಳನ್ನು ಒಮ್ಮೆ ನೋಡೋಣ. ಬಣ್ಣದ ಮಾಹಿತಿಯನ್ನು ಕಡಿತಗೊಳಿಸದೆ, ಸಾಮಾನ್ಯವಾದ 8 ಬಿಟ್ ಬಣ್ಣದಲ್ಲಿ ಸಾಗಿಸುವ ಚಿತ್ರಕ್ಕೆ ಈ ಲೆಕ್ಕ ಅನ್ವಯಿಸುತ್ತದೆ. 1080ಐ ಎಂಬ ಹೈ ಡೆಫಿನಿಷನ್ ಪ್ರಸಾರದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 2.23 ಗಿಗಾಬಿಟ್ ಬೇಕು. ಸೆಕೆಂಡಿಗೆ 60 ಪೂರ್ಣ ಚಿತ್ರಗಳಿರುವ 1080ಪಿ ವ್ಯವಸ್ಥೆಗೆ ಸುಮಾರು 4.46 ಗಿಗಾಬಿಟ್. 4ಕೆ ಎಂದರೆ ಅಡ್ಡಲಾಗಿ 3840, ಉದ್ದಕ್ಕೆ 2160 ಬಿಂದುಗಳಿರುವ ಚಿತ್ರ. ಅದು ಸೆಕೆಂಡಿಗೆ 30 ಬಾರಿ ಬಂದರೆ 8.91 ಗಿಗಾಬಿಟ್, 60 ಬಾರಿ ಬಂದರೆ 17.82 ಗಿಗಾಬಿಟ್. ಅಂದರೆ 1080ಪಿ ಚಿತ್ರಕ್ಕಿಂತ ನಾಲ್ಕು ಪಟ್ಟು ಹೊರೆ.

ಇದಕ್ಕೆ ಅನುಗುಣವಾಗಿ ಕೇಬಲುಗಳಿಗೆ ವರ್ಗಗಳನ್ನು ನಿಗದಿಪಡಿಸಲಾಗಿದೆ. "ಸ್ಟ್ಯಾಂಡರ್ಡ್" ವರ್ಗವು 720ಪಿ ಮತ್ತು 1080ಐ ಚಿತ್ರಗಳಿಗೆ. "ಹೈ ಸ್ಪೀಡ್" ವರ್ಗವು 10.2 ಗಿಗಾಬಿಟ್ ತನಕ. 2015ರಲ್ಲಿ ಪ್ರಮಾಣೀಕರಣ ಆರಂಭವಾದ "ಪ್ರೀಮಿಯಂ ಹೈ ಸ್ಪೀಡ್" ವರ್ಗವು 18 ಗಿಗಾಬಿಟ್ ತನಕ. "ಅಲ್ಟ್ರಾ ಹೈ ಸ್ಪೀಡ್" ವರ್ಗವು 48 ಗಿಗಾಬಿಟ್ ತನಕ. 2025ರ ಆವೃತ್ತಿಯೊಂದಿಗೆ ಬಂದಿರುವ "ಅಲ್ಟ್ರಾ96" ವರ್ಗವು 96 ಗಿಗಾಬಿಟ್ ತನಕ. ಮೇಲಿನ ಲೆಕ್ಕವನ್ನು ಇದರೊಂದಿಗೆ ಹೋಲಿಸಿದರೆ ತಕರಾರಿನ ಮೂಲ ತಾನಾಗಿ ಗೋಚರಿಸುತ್ತದೆ. ಹೈ ಸ್ಪೀಡ್ ವರ್ಗದ ಕೇಬಲ್ 4ಕೆ ಚಿತ್ರವನ್ನು ಸೆಕೆಂಡಿಗೆ 30ರಂತೆ ಸಾಗಿಸಬಲ್ಲದು. 60ರಂತೆ ಸಾಗಿಸುವ ಹೊಣೆ ಅದಕ್ಕಿಲ್ಲ. ಆದರೂ ಪೊಟ್ಟಣದ ಮೇಲೆ "4ಕೆ" ಎಂದಷ್ಟೇ ಬರೆದರೆ ಅದು ಪೂರ್ಣ ಸುಳ್ಳೂ ಅಲ್ಲ, ಪೂರ್ಣ ಸತ್ಯವೂ ಅಲ್ಲ. ಅರ್ಧಸತ್ಯವು ವ್ಯಾಪಾರದಲ್ಲಿ ಸುಳ್ಳಿಗಿಂತ ಹೆಚ್ಚು ನಷ್ಟವನ್ನು ತರುತ್ತದೆ.

ಆವೃತ್ತಿಯ ಅಂಕಿ ಏಕೆ ಸಲ್ಲದು ಎಂಬುದನ್ನೂ ಇಲ್ಲಿಯೇ ಹೇಳಬೇಕು. 1.4, 2.0, 2.1 ಮುಂತಾದ ಆವೃತ್ತಿಗಳು ಉಪಕರಣಗಳು ಏನೇನು ಮಾಡಬಹುದು ಎಂಬುದರ ಪಟ್ಟಿಗಳು. ಅವುಗಳಲ್ಲಿ ಅನೇಕ ಅಂಶಗಳು ಕಡ್ಡಾಯವಲ್ಲ, ಐಚ್ಛಿಕ. ಕೇಬಲಿಗೆ ಇರುವುದು ಸಾಗಿಸುವ ಸಾಮರ್ಥ್ಯ ಮಾತ್ರ. ನಮ್ಮ ರೈತರು ಪಂಪನ್ನು ಕೊಳ್ಳುವಾಗ ಅದರ ಕುದುರೆಶಕ್ತಿಯನ್ನು ಕೇಳುತ್ತಾರೆ, ಪೈಪನ್ನು ಕೊಳ್ಳುವಾಗ ಅದರ ವ್ಯಾಸ ಮತ್ತು ಉದ್ದವನ್ನು ಕೇಳುತ್ತಾರೆ. "ಐದು ಕುದುರೆಶಕ್ತಿಯ ಪೈಪು" ಎಂದು ಯಾರಾದರೂ ಮಾರಲು ಹೊರಟರೆ ಕೇಳಿದವರು ನಗುತ್ತಾರೆ. "2.1 ಕೇಬಲ್" ಎಂಬ ಮಾತೂ ಅದೇ ಜಾತಿಯದು.

ಉದ್ದ, ದಪ್ಪ ಮತ್ತು ಬಂಗಾರದ ಲೇಪ

ಸಾಮರ್ಥ್ಯದಷ್ಟೇ ಮುಖ್ಯವಾದದ್ದು ಉದ್ದ. ತಾಮ್ರದ ತಂತಿಯಲ್ಲಿ ಸಂಕೇತವು ದೂರ ಸಾಗಿದಷ್ಟೂ ಕ್ಷೀಣಿಸುತ್ತದೆ; ವೇಗ ಹೆಚ್ಚಾದಷ್ಟೂ ಈ ಕ್ಷೀಣತೆ ಹೆಚ್ಚು. ಒಂದೂವರೆ ಮೀಟರಿನಲ್ಲಿ ಯಾವ ತೊಂದರೆಯನ್ನೂ ಕೊಡದ ತಯಾರಿಕೆಯೇ ಹತ್ತು ಮೀಟರಿನಲ್ಲಿ ಸೋಲುತ್ತದೆ. 48 ಗಿಗಾಬಿಟ್ ವರ್ಗದ ಸಾಧಾರಣ ತಾಮ್ರದ ಕೇಬಲುಗಳು ಸಾಮಾನ್ಯವಾಗಿ 5 ಮೀಟರಿನೊಳಗೇ ಇರುವುದು ಈ ಕಾರಣದಿಂದ. ತಂತಿಯ ದಪ್ಪವನ್ನು ಗೇಜ್ ಅಂಕಿಯಿಂದ ಸೂಚಿಸುವಾಗ ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದು ನಮ್ಮ ತಯಾರಕರಿಗೆ ತಿಳಿದ ವಿಷಯ. ಉದ್ದದ ಕೇಬಲಿಗೆ ದಪ್ಪ ತಂತಿ ಬೇಕು. ಹೊರ ಕವಚವನ್ನು ದಪ್ಪ ಮಾಡಿ ಒಳಗಿನ ತಂತಿಯನ್ನು ತೆಳುವಾಗಿಸಿದರೆ ಕೈಗೆ ಗಟ್ಟಿ ಎನಿಸಬಹುದು, ಕೆಲಸಕ್ಕೆ ಬಾರದು.

ಕಲ್ಯಾಣ ಮಂಟಪ, ಶಾಲೆಯ ಸಭಾಂಗಣ, ಹೋಟೆಲು ಮುಂತಾದ ಕಡೆ ಪ್ರೊಜೆಕ್ಟರಿಗೆ 15 ಅಥವಾ 20 ಮೀಟರ್ ದೂರ ಕೇಬಲ್ ಎಳೆಯಬೇಕಾಗುತ್ತದೆ. ಅಂತಹ ಸ್ಥಳಗಳಲ್ಲಿ 4ಕೆ ಚಿತ್ರ ಬೇಕಾದರೆ ಬೆಳಕಿನ ಮೂಲಕ ಸಂಕೇತ ಸಾಗಿಸುವ ಆಪ್ಟಿಕಲ್ ಕೇಬಲುಗಳೇ ಸೂಕ್ತ. ಇವುಗಳಿಗೆ ದಿಕ್ಕು ಇದೆ. ಒಂದು ತುದಿ ಉಪಕರಣಕ್ಕೆ, ಇನ್ನೊಂದು ಪರದೆಗೆ. ಗೋಡೆಯೊಳಗಿನ ಪೈಪಿನಲ್ಲಿ ತಿರುಗುಮುರುಗಾಗಿ ಎಳೆದರೆ ಚಿತ್ರ ಬರುವುದಿಲ್ಲ, ಮತ್ತೆ ಎಳೆಯುವ ಕೂಲಿ ಕೇಬಲಿನ ಬೆಲೆಯನ್ನು ಮೀರಬಹುದು. ಮಾರುವಾಗ ಈ ಒಂದು ಮಾತನ್ನು ಹೇಳುವ ವರ್ತಕನು ಗ್ರಾಹಕನ ಸಾವಿರಾರು ರೂಪಾಯಿಗಳನ್ನು ಉಳಿಸಿದಂತಾಗುತ್ತದೆ.

ಇನ್ನು ಬಂಗಾರದ ಲೇಪ. ಪಿನ್ನುಗಳಿಗೆ ಬಂಗಾರದ ಲೇಪ ಕೊಡುವುದು ತುಕ್ಕು ಹಿಡಿಯದಿರಲೆಂದು. ಉಪ್ಪಿನ ಗಾಳಿ ಬೀಸುವ ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿಯ ಊರುಗಳಲ್ಲಿ ಅದರ ಪ್ರಯೋಜನ ನಿಜ. ಆದರೆ ಲೇಪದಿಂದ ಚಿತ್ರದ ಗುಣ ಹೆಚ್ಚುವುದಿಲ್ಲ. ಬಾಳಿಕೆಗಾಗಿ ಎಂದು ಹೇಳಿ ಮಾರಿದರೆ ಸತ್ಯ. ಸ್ಪಷ್ಟ ಚಿತ್ರಕ್ಕಾಗಿ ಎಂದು ಹೇಳಿ ಮಾರಿದರೆ ಅದು ಸತ್ಯವಲ್ಲ.

ಎಲ್ಲರಿಗೂ ದುಬಾರಿ ಕೇಬಲ್ ಬೇಕಿಲ್ಲ

ಪ್ರಾಮಾಣಿಕವಾಗಿ ಮಾರುವುದೆಂದರೆ ದುಬಾರಿಯಾದದ್ದನ್ನೇ ಮಾರುವುದು ಎಂದು ಭಾವಿಸಬಾರದು. ಸೆಟ್‌ಟಾಪ್ ಬಾಕ್ಸಿನಿಂದ ಹೈ ಡೆಫಿನಿಷನ್ ಚಾನೆಲುಗಳನ್ನು ನೋಡುವ ಕುಟುಂಬಕ್ಕೆ ಮೇಲಿನ ಲೆಕ್ಕದ ಪ್ರಕಾರ ಕಡಿಮೆ ಬೆಲೆಯ ಹೈ ಸ್ಪೀಡ್ ಕೇಬಲ್ ಧಾರಾಳವಾಗಿ ಸಾಕು. ಅವರಿಗೆ 48 ಗಿಗಾಬಿಟ್ಟಿನ ಕೇಬಲನ್ನು ಒತ್ತಾಯಿಸಿ ಮಾರುವುದು ಅನುಚಿತ. 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ನೀಡುವ ಪ್ಲೇಯರ್ ಅಥವಾ ಪೆಟ್ಟಿಗೆ ಇರುವವರಿಗೆ ಪ್ರೀಮಿಯಂ ಹೈ ಸ್ಪೀಡ್ ಬೇಕು. ಪ್ಲೇಸ್ಟೇಷನ್ 5ರಂತಹ ಆಟದ ಯಂತ್ರಗಳಿಂದ ಸೆಕೆಂಡಿಗೆ 120ರಂತೆ 4ಕೆ ಚಿತ್ರ ಪಡೆಯುವವರಿಗೆ ಅಲ್ಟ್ರಾ ಹೈ ಸ್ಪೀಡ್ ಬೇಕು. ಅಂತಹ ಯಂತ್ರದ ಪೆಟ್ಟಿಗೆಯಲ್ಲಿಯೇ ತಕ್ಕ ಕೇಬಲ್ ಇದ್ದಲ್ಲಿ ಹೊಸದನ್ನು ಕೊಳ್ಳುವ ಅಗತ್ಯವೂ ಇಲ್ಲ.

ತಕರಾರುಗಳೆಲ್ಲಕ್ಕೂ ಕೇಬಲೇ ಕಾರಣವಲ್ಲ ಎಂಬುದನ್ನೂ ಗಮನಿಸಬೇಕು. ಅನೇಕ ಟಿ.ವಿ.ಗಳಲ್ಲಿ ಪೂರ್ಣ ಸಾಮರ್ಥ್ಯದ 4ಕೆ ಸಂಕೇತವನ್ನು ಸ್ವೀಕರಿಸಬೇಕಾದರೆ ಆಯಾ ಪೋರ್ಟಿಗೆ ಸೆಟ್ಟಿಂಗಿನಲ್ಲಿ ಅನುಮತಿ ಕೊಡಬೇಕಾಗುತ್ತದೆ. ಟಿ.ವಿ.ಯ ಹಿಂಭಾಗದ ಪೋರ್ಟುಗಳೆಲ್ಲವೂ ಸಮಾನ ಸಾಮರ್ಥ್ಯದವಾಗಿರಬೇಕೆಂದಿಲ್ಲ. ಧ್ವನಿಯನ್ನು ಟಿ.ವಿ.ಯಿಂದ ಸೌಂಡ್‌ಬಾರಿಗೆ ಹಿಂದಿರುಗಿಸುವ ಸೌಲಭ್ಯವು ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಗುರುತಿಸಿದ ಪೋರ್ಟಿನಲ್ಲಿ ಮಾತ್ರ ದೊರೆಯುತ್ತದೆ. ನಡುವೆ ಹಳೆಯ ಆಂಪ್ಲಿಫೈಯರ್ ಇದ್ದರೆ, ನಕಲು ತಡೆಯುವ ಎಚ್‌ಡಿಸಿಪಿ ವ್ಯವಸ್ಥೆಯ 2.2ನೆಯ ಆವೃತ್ತಿಯನ್ನು ಅದು ಅರಿಯದ ಕಾರಣ 4ಕೆ ಚಿತ್ರ ನಿಂತುಹೋಗಬಹುದು. ಯಾವ ಉಪಕರಣ, ಯಾವ ಟಿ.ವಿ., ಎಷ್ಟು ದೂರ, ನಡುವೆ ಬೇರೆ ಯಂತ್ರವೇನಾದರೂ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೌಂಟರಿನಲ್ಲಿ ಕೇಳಿದರೆ ಮರಳಿ ಬರುವ ಸರಕು ಗಣನೀಯವಾಗಿ ತಗ್ಗುವುದು. ಆನ್‌ಲೈನ್ ಮಾರಾಟದ ಪುಟ ಈ ಪ್ರಶ್ನೆಗಳನ್ನು ಎದುರು ನಿಂತು ಕೇಳುವುದಿಲ್ಲ. ಬೆಲೆಯಲ್ಲಿ ಅದರೊಂದಿಗೆ ಸ್ಪರ್ಧಿಸಲಾರದ ನಮ್ಮ ಅಂಗಡಿಗಳಿಗೆ ಉಳಿದಿರುವ ಬಂಡವಾಳ ಈ ತಿಳಿವಳಿಕೆಯೇ.

ಕಾನೂನಿನ ದೃಷ್ಟಿಯಿಂದ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕೆಲವು ಅಂಶಗಳು ಈ ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿವೆ. ಈ ಅಧಿನಿಯಮದಲ್ಲಿ "ಜಾಹೀರಾತು" ಎಂಬ ಪದದ ವ್ಯಾಖ್ಯೆಯೊಳಗೆ ಲೇಬಲ್, ಹೊದಿಕೆ ಮತ್ತು ಇನ್‌ವಾಯ್ಸ್ ಸಹ ಸೇರಿವೆ. ಆದ್ದರಿಂದ ಪೊಟ್ಟಣದ ಮೇಲಿನ ಸುಳ್ಳು ಹೇಳಿಕೆಯು ದಾರಿತಪ್ಪಿಸುವ ಜಾಹೀರಾತು ಎನಿಸಬಹುದು. ಅಂತಹ ಜಾಹೀರಾತಿಗಾಗಿ ತಯಾರಕನಿಗೆ 10 ಲಕ್ಷ ರೂಪಾಯಿಗಳ ತನಕ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ಮೇಲಾಗಿ, ಬೇರೆಯವರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತನ್ನು ಹಾಕಿಸುವವನೂ ಈ ಅಧಿನಿಯಮದ ಪ್ರಕಾರ ತಯಾರಕನೇ. ಸಗಟು ಸರಕು ತರಿಸಿ ತಮ್ಮ ಹೆಸರಿನ ಪೊಟ್ಟಣದಲ್ಲಿ ತುಂಬಿ ಮಾರುವ ವರ್ತಕ ಬಂಧುಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. "ನಾನು ಕೇವಲ ಮಾರಾಟಗಾರ" ಎಂಬ ಸಮಜಾಯಿಷಿ ಅವರಿಗೆ ದೊರೆಯುವುದಿಲ್ಲ.

ಸರಕು ಇಂತಹ ಗುಣಮಟ್ಟದ್ದು, ಇಂತಹ ದರ್ಜೆಯದು ಎಂದು ಸುಳ್ಳಾಗಿ ಬಿಂಬಿಸುವುದು ಅದೇ ಅಧಿನಿಯಮದಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ಪದ್ಧತಿ. "ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಫಲಕವನ್ನು ಇನ್ನೂ ಗೋಡೆಯ ಮೇಲೆ ಉಳಿಸಿಕೊಂಡಿರುವ ಅಂಗಡಿಗಳು ಅದನ್ನು ತೆಗೆಯುವುದು ಕ್ಷೇಮ. ಪೊಟ್ಟಣಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಮುಂತಾದವನ್ನು ನಮೂದಿಸುವುದು ಕಡ್ಡಾಯ ಎಂಬುದು ಸದಸ್ಯರಿಗೆ ತಿಳಿದೇ ಇದೆ. ವಿಳಾಸವಿಲ್ಲದ ಪೊಟ್ಟಣವು ಹೊಣೆಯಿಲ್ಲದ ಪೊಟ್ಟಣ. ಅದರ ಹೊಣೆ ಕೊನೆಗೆ ಬಂದು ನಿಲ್ಲುವುದು ಮಾರಿದ ಕೌಂಟರಿನಲ್ಲಿ.

ಎಚ್‌ಡಿಎಂಐ ಎಂಬುದು ವ್ಯಾಪಾರ ಚಿಹ್ನೆಯೂ ಹೌದು. ಪರವಾನಗಿಯಿಲ್ಲದೆ ಆ ಚಿಹ್ನೆಯನ್ನು ಮುದ್ರಿಸಿದ ಸರಕನ್ನು ತರಿಸಿದರೆ ಬೌದ್ಧಿಕ ಹಕ್ಕುಗಳ ಕುರಿತ 2007ರ ಆಮದು ನಿಯಮಗಳಡಿ ಸೀಮಾಸುಂಕದ ಕಟ್ಟೆಯಲ್ಲಿಯೇ ಅದು ತಡೆಹಿಡಿಯಲ್ಪಡುವ ಸಂಭವವಿದೆ. ಅಗ್ಗದ ಸರಕಿನ ಲಾಭವನ್ನು ಲೆಕ್ಕ ಹಾಕುವಾಗ ಈ ಅಪಾಯದ ಬೆಲೆಯನ್ನೂ ಸೇರಿಸಬೇಕು.

ಸಣ್ಣ ತಯಾರಕರ ಮುಂದಿರುವ ದಾರಿ

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ತಂತಿ ಕತ್ತರಿಸಿ, ಪಿನ್ನು ಬೆಸೆದು, ಅಚ್ಚು ಹಾಕುವ ಕೌಶಲ ಹೊಸದಲ್ಲ. ಆದರೆ ಎಚ್‌ಡಿಎಂಐ ಕೇಬಲಿನಲ್ಲಿ ಕೇವಲ ವಿದ್ಯುತ್ ಹರಿದರೆ ಸಾಲದು. ಜೋಡಿ ತಂತಿಗಳ ಹೆಣಿಗೆ, ಅವುಗಳ ಉದ್ದದ ಸಮಾನತೆ, ಕವಚದ ಜೋಡಣೆ, ಬೆಸುಗೆಯ ಜಾಗದಲ್ಲಿ ತಂತಿಯನ್ನು ಎಷ್ಟು ಬಿಡಿಸಲಾಗಿದೆ ಎಂಬ ಸೂಕ್ಷ್ಮ ಸಂಗತಿಗಳು ಅದರ ಸಾಮರ್ಥ್ಯವನ್ನು ನಿರ್ಧರಿಸುತ್ತವೆ. 19 ಪಿನ್ನುಗಳಲ್ಲಿಯೂ ವಿದ್ಯುತ್ ಹರಿಯುತ್ತದೆ ಎಂದು ಬಲ್ಬು ಹೊತ್ತಿಸಿ ತೋರಿಸುವ ಪರೀಕ್ಷೆಯಿಂದ ಕೇಬಲ್ ಕಡಿದಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ. ಅದು 18 ಗಿಗಾಬಿಟ್ ಸಾಗಿಸುತ್ತದೆ ಎಂಬುದು ಸಿದ್ಧವಾಗುವುದಿಲ್ಲ.

ಪ್ರೀಮಿಯಂ ಮತ್ತು ಅಲ್ಟ್ರಾ ವರ್ಗದ ಕೇಬಲುಗಳಿಗೆ ಅಧಿಕೃತ ಪರೀಕ್ಷಾ ಕೇಂದ್ರದ ಪ್ರಮಾಣೀಕರಣ ಬೇಕು. ಅಲ್ಟ್ರಾ ವರ್ಗದಲ್ಲಿ ಪ್ರತಿ ಮಾದರಿಯನ್ನೂ ಪ್ರತಿ ಉದ್ದದಲ್ಲಿ ಪರೀಕ್ಷೆಗೆ ಒಳಪಡಿಸಬೇಕು. ಪ್ರಮಾಣಿತ ಪೊಟ್ಟಣದ ಮೇಲೆ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಲೇಬಲ್ ಇರುತ್ತದೆ. ವರ್ತಕರು ಸಗಟು ಸರಕನ್ನು ಪಡೆಯುವಾಗ ಕೆಲವು ಪೊಟ್ಟಣಗಳನ್ನಾದರೂ ಹೀಗೆ ಪರಿಶೀಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಈ ವೆಚ್ಚ ಸಣ್ಣ ಘಟಕಕ್ಕೆ ಭಾರವೆಂಬುದು ನಿಜ. ಆದ್ದರಿಂದ ಒಂದೇ ಸಲಕ್ಕೆ ಎಲ್ಲ ವರ್ಗಗಳಿಗೆ ಕೈ ಹಾಕುವುದು ವಿವೇಕವಲ್ಲ. ಪರವಾನಗಿ ಹೊಂದಿದ ದೊಡ್ಡ ಕಂಪನಿಗಳಿಗೆ ಅವರ ವಿನ್ಯಾಸದಂತೆ ತಯಾರಿಸಿ ಕೊಡುವುದು ಒಂದು ದಾರಿ. ಸ್ವತಃ ಪರವಾನಗಿ ಪಡೆದು, ಹೆಚ್ಚು ಬೇಡಿಕೆಯಿರುವ ಒಂದೋ ಎರಡೋ ಉದ್ದಗಳಲ್ಲಿ ಒಂದೇ ವರ್ಗದ ಕೇಬಲನ್ನು ನಂಬಿಕೆಗೆ ಅರ್ಹವಾಗಿ ತಯಾರಿಸುವುದು ಇನ್ನೊಂದು ದಾರಿ. ಹತ್ತು ಉದ್ದಗಳಲ್ಲಿ "8ಕೆ" ಎಂದು ಮುದ್ರಿಸುವುದಕ್ಕಿಂತ, ಎರಡು ಮೀಟರಿನ ಹೈ ಸ್ಪೀಡ್ ಕೇಬಲನ್ನು ಅದೇ ಹೆಸರಿನಿಂದ ಕೊಟ್ಟು ಒಂದು ವರ್ಷದ ಬದಲಿ ಭರವಸೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ತಯಾರಕನ ಹೆಸರು ಹೆಚ್ಚು ಕಾಲ ಬಾಳುತ್ತದೆ.

ಎರಡು ಆಕ್ಷೇಪಣೆಗಳು

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಹೀಗಿದೆ: ಗ್ರಾಹಕನು ಕೇಳುವುದೇ ಅಗ್ಗದ ಸರಕನ್ನು, ಪಕ್ಕದ ಅಂಗಡಿಯವನು "8ಕೆ, 2.1" ಎಂದು ಬರೆದ ಪೊಟ್ಟಣವನ್ನು ಅರ್ಧ ಬೆಲೆಗೆ ಕೊಡುವಾಗ ನಾನು ಸತ್ಯ ಹೇಳಿ ವ್ಯಾಪಾರ ಕಳೆದುಕೊಳ್ಳಬೇಕೇ? ಈ ಸಂಕಟ ಕಾಲ್ಪನಿಕವಲ್ಲ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ಕೇಬಲಿನ ಮೇಲಿನ ಲಾಭ ನೂರೋ ಇನ್ನೂರೋ ರೂಪಾಯಿ. ಅದು ಕೆಲಸ ಮಾಡದಿದ್ದರೆ ತಂತ್ರಜ್ಞನನ್ನು ಗ್ರಾಹಕನ ಮನೆಗೆ ಕಳುಹಿಸುವ ಖರ್ಚು, ಬದಲಿ ಕೇಬಲ್, ಕೆಲವೊಮ್ಮೆ ಟಿ.ವಿ.ಯನ್ನೇ ಹಿಂದಕ್ಕೆ ಪಡೆಯುವ ಒತ್ತಡ, ಇವೆಲ್ಲ ಸೇರಿ ಆ ಟಿ.ವಿ.ಯ ಲಾಭವನ್ನೇ ನುಂಗಬಹುದು. ಗ್ರಾಹಕನಿಗೆ ಅಗ್ಗದ ಸರಕು ಬೇಕಾದರೆ ಅಗ್ಗದ ಹೈ ಸ್ಪೀಡ್ ಕೇಬಲನ್ನೇ ಕೊಡೋಣ. ಅದರ ಮೇಲೆ ಅದರದೇ ಹೆಸರು ಇರಲಿ.

ಎರಡನೆಯ ಆಕ್ಷೇಪಣೆ: ಪರೀಕ್ಷೆ, ಪರವಾನಗಿ, ಪ್ರಮಾಣಪತ್ರಗಳೆಲ್ಲ ದೊಡ್ಡ ವಿದೇಶಿ ಕಂಪನಿಗಳು ಸಣ್ಣವರನ್ನು ಹೊರಗಿಡಲು ಕಟ್ಟಿದ ಬೇಲಿ. ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ಮಾನದಂಡವನ್ನು ರೂಪಿಸಿದವರು ದೊಡ್ಡ ಕಂಪನಿಗಳೇ, ಶುಲ್ಕವೂ ಅವರು ವಿಧಿಸಿದ್ದೇ. ಆದರೆ ಸುಳ್ಳು ಲೇಬಲಿನಿಂದ ಆ ಬೇಲಿ ಮುರಿಯುವುದಿಲ್ಲ, ಇನ್ನಷ್ಟು ಎತ್ತರವಾಗುತ್ತದೆ. "ಸ್ಥಳೀಯ ಸರಕನ್ನು ನಂಬಲಾಗದು" ಎಂಬ ಮಾತು ಒಮ್ಮೆ ಜನರ ಮನಸ್ಸಿನಲ್ಲಿ ನಿಂತರೆ, ನಿಜವಾಗಿ ಒಳ್ಳೆಯ ಸರಕನ್ನು ತಯಾರಿಸುವ ನಮ್ಮ ಘಟಕವೂ ಅದರ ಫಲವನ್ನು ಉಣ್ಣಬೇಕಾಗುತ್ತದೆ.

ವಾಣಿಜ್ಯ ಸಂಸ್ಥೆಯಿಂದ ಆಗಬೇಕಾದದ್ದು

ಒಬ್ಬ ವರ್ತಕನಿಂದ, ಒಂದು ಘಟಕದಿಂದ ಆಗದ ಕೆಲಸವನ್ನು ಸಂಘಟಿತವಾಗಿ ಮಾಡುವುದೇ ವಾಣಿಜ್ಯ ಸಂಸ್ಥೆಯ ಉದ್ದೇಶ. ಈ ದಿಸೆಯಲ್ಲಿ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ.

ಮೊದಲನೆಯದು, ಕೇಬಲಿನ ವರ್ಗಗಳು, ಅವುಗಳ ಸಾಮರ್ಥ್ಯ ಮತ್ತು ಯಾವ ಉಪಕರಣಕ್ಕೆ ಯಾವುದು ಸೂಕ್ತ ಎಂಬುದನ್ನು ಕನ್ನಡದಲ್ಲಿ ವಿವರಿಸುವ ಒಂದು ಪುಟದ ಫಲಕವನ್ನು ಸಿದ್ಧಪಡಿಸಿ ಸದಸ್ಯರ ಅಂಗಡಿಗಳಿಗೆ ಹಂಚಬೇಕು. ಕೌಂಟರಿನ ಹುಡುಗನಿಗೂ ಗ್ರಾಹಕನಿಗೂ ಅದು ಸಮಾನವಾಗಿ ಉಪಯುಕ್ತ. ಎರಡನೆಯದು, ಆವೃತ್ತಿಯ ಅಂಕಿ ಮುದ್ರಿಸಿದ, ತಯಾರಕ ಅಥವಾ ಆಮದುದಾರನ ವಿಳಾಸವಿಲ್ಲದ ಕೇಬಲುಗಳನ್ನು ದಾಸ್ತಾನು ಮಾಡುವುದಿಲ್ಲ ಎಂಬ ಸ್ವಯಂಪ್ರೇರಿತ ನಿರ್ಧಾರವನ್ನು ಸದಸ್ಯರು ಕೈಗೊಳ್ಳಬೇಕು. ಸಗಟು ವ್ಯಾಪಾರಿಗಳು ಒಮ್ಮತದಿಂದ ಬೇಡವೆಂದರೆ ಅಂತಹ ಪೊಟ್ಟಣಗಳಿಗೆ ದಾರಿಯೇ ಕಿರಿದಾಗುತ್ತದೆ. ಮೂರನೆಯದು, ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಡಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ದೊರೆಯುತ್ತದೆ. ವೇಗದ ಸಂಕೇತವನ್ನು ಅಳೆಯುವ ಉಪಕರಣಗಳು ಒಂದೊಂದು ಘಟಕವೂ ಪ್ರತ್ಯೇಕವಾಗಿ ಕೊಳ್ಳಲಾಗದಷ್ಟು ದುಬಾರಿ. ಕೇಬಲ್ ತಯಾರಿಸುವ ಘಟಕಗಳು ಒಟ್ಟುಗೂಡಿ ಇಂತಹ ಕೇಂದ್ರಕ್ಕಾಗಿ ಪ್ರಸ್ತಾವನೆ ಸಲ್ಲಿಸುವುದಾದರೆ ಸಂಸ್ಥೆಯು ಅದರ ಮುಂದಾಳತ್ವ ವಹಿಸಬೇಕು. ಅಧಿಕೃತ ಪ್ರಮಾಣೀಕರಣಕ್ಕೆ ಕಳುಹಿಸುವ ಮುನ್ನ ಇಲ್ಲಿಯೇ ಪರೀಕ್ಷಿಸಿಕೊಂಡರೆ, ಅಲ್ಲಿ ಅನುತ್ತೀರ್ಣವಾಗಿ ಮತ್ತೆ ಶುಲ್ಕ ಕಟ್ಟುವ ನಷ್ಟ ತಪ್ಪುತ್ತದೆ.

ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬೇಕೆಂದು ಕಾನೂನು ಹೇಳಿದಾಗಲೂ ಅದನ್ನು ಹೊರೆಯೆಂದು ಭಾವಿಸಿದವರು ಇದ್ದಿರಬಹುದು. ಇಂದು ಮುದ್ರೆಯಿಲ್ಲದ ಬಟ್ಟಿನಿಂದ ತೂಗುವ ಅಂಗಡಿಗೆ ಯಾರೂ ಹೋಗುವುದಿಲ್ಲ. ಕಣ್ಣಿಗೆ ಕಾಣದ ಗಿಗಾಬಿಟ್ಟುಗಳನ್ನು ಮಾರುವ ಈ ವ್ಯಾಪಾರದಲ್ಲಿ ಪೊಟ್ಟಣದ ಮೇಲಿನ ಬರಹವೇ ನಮ್ಮ ತೂಕದ ಬಟ್ಟು. ಅದು ಸರಿಯಾಗಿರುವಂತೆ ನೋಡಿಕೊಳ್ಳುವ ಹೊಣೆ ತಯಾರಿಸುವವರದೂ ಹೌದು, ಮಾರುವವರದೂ ಹೌದು.